ಪರದೆ ಕಪ್ಪಾದರೆ ಫಾರ್ಮ್ಯಾಟ್ ಒಂದೇ ಮದ್ದಲ್ಲ

ಗೋಕಾಕ, ಮೂಡಲಗಿ, ಹುಕ್ಕೇರಿ. ಈ ಮೂರರಲ್ಲಿ ಯಾವ ಊರಿನ ಕಂಪ್ಯೂಟರ್ ರಿಪೇರಿ ಅಂಗಡಿಗಾದರೂ ಹೋಗಿ ಅರ್ಧ ತಾಸು ನಿಲ್ಲಿ. ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಫಾರ್ಮ್ಯಾಟ್ ಹೊಡೀಬೇಕ್ರಿ." ಲ್ಯಾಪ್‌ಟಾಪ್ ನಿಧಾನವಾದರೂ ಅದೇ ಮಾತು, ವೈರಸ್ ಬಂದರೂ ಅದೇ ಮಾತು. ಪಾಸ್‌ವರ್ಡ್ ಹಾಕಿದ ಮೇಲೆ ಪರದೆ ಕಪ್ಪಾಗಿ ನಿಂತರಂತೂ ಬೇರೆ ಮಾತೇ ಇಲ್ಲ. ನಾವೂ "ಹೂಂ, ಹೊಡೀರಿ" ಎಂದು ಹೇಳಿ, ಚಹಾ ಕುಡಿದು ಬರುತ್ತೇವೆ. ಬಂದು ನೋಡಿದರೆ ಲ್ಯಾಪ್‌ಟಾಪ್ ಹೊಚ್ಚ ಹೊಸದರಂತೆ ಓಡುತ್ತಿರುತ್ತದೆ. ಆದರೆ ಮಗಳ ಪ್ರಾಜೆಕ್ಟ್ ಇರುವುದಿಲ್ಲ. ಮದುವೆ ಫೋಟೋ ಇರುವುದಿಲ್ಲ. ಸಂಘದ ಮೂರು ವರ್ಷದ ಲೆಕ್ಕ ಇರುವುದಿಲ್ಲ.

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಕೆಲಸ ಇದು. ಈ ಲೇಖನದ ವಾದ ಸರಳ. ಲಾಗಿನ್ ಆದ ಮೇಲೆ ಕಪ್ಪಾಗುವ ಪರದೆ ಬಹುತೇಕ ಸಲ ಸಣ್ಣ ತೊಂದರೆ. ಅದನ್ನು ಮನೆಯಲ್ಲೇ ಹತ್ತು ನಿಮಿಷ ನೋಡಬಹುದು. ಫಾರ್ಮ್ಯಾಟ್ ಕೊನೆಯ ಮದ್ದಾಗಬೇಕೇ ಹೊರತು ಮೊದಲಿನದ್ದಾಗಬಾರದು. ಈಗ ಅದು ಮೊದಲ ಮದ್ದಾಗಿರುವುದಕ್ಕೆ ಅಂಗಡಿಯವರಷ್ಟೇ ಕಾರಣರಲ್ಲ. ನಾವೂ ಕಾರಣ, ಸರ್ಕಾರವೂ ಕಾರಣ.

ಮೊದಲು ರೋಗ ಯಾವುದು ಎಂದು ತಿಳಿಯೋಣ

"ಪರದೆ ಕಪ್ಪಾಗಿದೆ" ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ.

ಒಂದು, ಬಟನ್ ಒತ್ತಿದಾಗಿನಿಂದಲೇ ಕಪ್ಪು. ಕಂಪನಿಯ ಹೆಸರೂ ಬರುವುದಿಲ್ಲ, ಪಾಸ್‌ವರ್ಡ್ ಕೇಳುವ ಪರದೆಯೂ ಬರುವುದಿಲ್ಲ. ಇದು ಬಹುಮಟ್ಟಿಗೆ ಯಂತ್ರದ ತೊಂದರೆ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರುತ್ತಿದ್ದರೆ ಒಳಗೆ ಜೀವ ಇದೆ ಎಂದರ್ಥ. ಮೊಬೈಲ್ ಟಾರ್ಚ್ ಅನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಪರದೆಯ ಹಿಂದಿನ ಬೆಳಕು ಹೋಗಿದೆ, ಕಂಪ್ಯೂಟರ್ ಹೋಗಿಲ್ಲ. ಇದಕ್ಕೆ ಫಾರ್ಮ್ಯಾಟ್‌ನಿಂದ ಮೂರು ಕಾಸಿನ ಉಪಯೋಗವಿಲ್ಲ.

ಎರಡು, ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಅಕ್ಷರ ಬಂದು ತಾನೇ ರೀಸ್ಟಾರ್ಟ್ ಆಗುವುದು. ಮೊದಲು ಇದೇ ನೀಲಿ ಪರದೆಯಾಗಿತ್ತು. ವಿಂಡೋಸ್ 11ರಲ್ಲಿ 2025ರಿಂದ ಮೈಕ್ರೋಸಾಫ್ಟ್ ಅದರ ಬಣ್ಣವನ್ನು ಕಪ್ಪಿಗೆ ಬದಲಾಯಿಸಿದೆ. ಅದರಲ್ಲಿ ಒಂದು ಕೋಡ್ ಇರುತ್ತದೆ. ಮೊಬೈಲಿನಲ್ಲಿ ಅದರ ಫೋಟೋ ಹೊಡೆದುಕೊಳ್ಳಿ. ರಿಪೇರಿ ಮಾಡುವವರಿಗೆ ಆ ಫೋಟೋ ಅರ್ಧ ಕೆಲಸ ಉಳಿಸುತ್ತದೆ.

ಮೂರು, ನಾವು ಇಲ್ಲಿ ಮಾತಾಡುತ್ತಿರುವ ತೊಂದರೆ. ಲ್ಯಾಪ್‌ಟಾಪ್ ಚೆನ್ನಾಗಿ ಶುರುವಾಗುತ್ತದೆ. ಪಾಸ್‌ವರ್ಡ್ ಅಥವಾ ಪಿನ್ ಕೇಳುತ್ತದೆ. ಹಾಕುತ್ತೀರಿ. ಆಮೇಲೆ ಕಗ್ಗತ್ತಲು. ಕೆಲವೊಮ್ಮೆ ಮೌಸಿನ ಬಾಣ ಮಾತ್ರ ಕಾಣುತ್ತದೆ, ಕೆಲವೊಮ್ಮೆ ಅದೂ ಇಲ್ಲ.

ಇಲ್ಲಿ ಒಂದು ನಿಮಿಷ ಯೋಚಿಸಿ. ಪಾಸ್‌ವರ್ಡ್ ಕೇಳುವ ಪರದೆ ಕಂಡಿತಲ್ಲ? ಹಾಗಾದರೆ ಪರದೆ ಸತ್ತಿಲ್ಲ. ಪಾಸ್‌ವರ್ಡ್ ಒಪ್ಪಿಕೊಂಡಿತಲ್ಲ? ಹಾಗಾದರೆ ಡಿಸ್ಕ್ ಓದುತ್ತಿದೆ, ವಿಂಡೋಸ್ ಎದ್ದಿದೆ. ಮನೆ ಇದೆ, ಬಾಗಿಲೂ ತೆರೆದಿದೆ, ಒಳಗಿನ ದೀಪ ಮಾತ್ರ ಹತ್ತಿಲ್ಲ. ದೀಪ ಹತ್ತಲಿಲ್ಲವೆಂದು ಯಾರೂ ಮನೆ ಕೆಡವಿ ಕಟ್ಟುವುದಿಲ್ಲ.

ಈ ದೀಪ ಆರಲು ಕಾರಣಗಳು ಕೆಲವೇ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಡ್ರೈವರ್ ಎಂಬ ತಂತ್ರಾಂಶ ಅಪ್‌ಡೇಟ್ ಆಗುವಾಗ ಕೆಟ್ಟಿರಬಹುದು. ಡೆಸ್ಕ್‌ಟಾಪ್, ಸ್ಟಾರ್ಟ್ ಬಟನ್ ತೋರಿಸುವ ಎಕ್ಸ್‌ಪ್ಲೋರರ್ ಎಂಬ ಭಾಗ ಏಳದೇ ಇರಬಹುದು. ಹೊಸದಾಗಿ ಹಾಕಿದ ಆ್ಯಂಟಿವೈರಸ್ಸೋ ಇನ್ನಾವುದೋ ತಂತ್ರಾಂಶ ಅಡ್ಡ ಬಂದಿರಬಹುದು. ನಿಮ್ಮ ಹೆಸರಿನ ಖಾತೆಯ ಫೈಲುಗಳು ಮಾತ್ರ ಕೆಟ್ಟಿರಬಹುದು. ಅಥವಾ ಲ್ಯಾಪ್‌ಟಾಪ್ ತನ್ನ ಚಿತ್ರವನ್ನು ಇಲ್ಲದ ಟಿವಿಗೆ, ಇಲ್ಲದ ಪ್ರೊಜೆಕ್ಟರಿಗೆ ಕಳಿಸುತ್ತಾ ಕೂತಿರಬಹುದು.

ನಮ್ಮ ಕಡೆ ಇನ್ನೊಂದು ಕಾರಣ ಸೇರುತ್ತದೆ. ನಾಲ್ಕೈದು ವರ್ಷದ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿರುತ್ತದೆ. ಚಾರ್ಜರ್ ಮೇಲೆಯೇ ಅದು ಬದುಕಿರುತ್ತದೆ. ಅಪ್‌ಡೇಟ್ ಅರ್ಧ ಆಗಿರುವಾಗ ಕರೆಂಟ್ ಹೋದರೆ ಯಂತ್ರ ಧಪ್ಪನೆ ಆರುತ್ತದೆ. ಬರೆಯುತ್ತಿದ್ದ ಫೈಲು ಅರ್ಧಕ್ಕೇ ನಿಲ್ಲುತ್ತದೆ. ಮಾರನೇ ದಿನ ಪರದೆ ಕಪ್ಪು. ಇದು ಯಾರ ಶಾಪವೂ ಅಲ್ಲ, ಬ್ಯಾಟರಿಯ ಕಥೆ.

ಅಂಗಡಿಗೆ ಹೊರಡುವ ಮೊದಲು ಹತ್ತು ನಿಮಿಷ

ಈ ಕೆಳಗಿನವುಗಳಲ್ಲಿ ಯಾವುದರಿಂದಲೂ ನಿಮ್ಮ ಫೈಲು ಅಳಿಸಿಹೋಗುವುದಿಲ್ಲ. ಅದಕ್ಕೇ ಇವು ಮೊದಲು.

ಪೆನ್‌ಡ್ರೈವ್, ಪ್ರಿಂಟರ್, ಹೊರಗಿನ ಮೌಸ್, ಟಿವಿಯ ಕೇಬಲ್ ಎಲ್ಲ ಕಿತ್ತುಬಿಡಿ. ಚಾರ್ಜರ್ ಮಾತ್ರ ಇರಲಿ. ಹಿಂದಿನ ಸಲ ಆಫ್ ಮಾಡುವಾಗ ಅಪ್‌ಡೇಟ್ ಆಗುತ್ತಿತ್ತು ಎಂದಾದರೆ ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಡಿ. ಹಳೆಯ ಹಾರ್ಡ್ ಡಿಸ್ಕಿನ ಯಂತ್ರಗಳು ಅಷ್ಟು ಹೊತ್ತು ತೆಗೆದುಕೊಂಡು ತಾವೇ ಎದ್ದದ್ದುಂಟು. ಆದರೆ ದಿನಾ ಹೀಗೇ ಐದು ನಿಮಿಷ ಕಪ್ಪಾಗಿ ನಿಂತು ಆಮೇಲೆ ಡೆಸ್ಕ್‌ಟಾಪ್ ಬರುತ್ತಿದ್ದರೆ ಡಿಸ್ಕ್ ಮುಪ್ಪಾಗುತ್ತಿರಬಹುದು. ಅಂದೇ ಫೈಲುಗಳನ್ನು ಕಾಪಿ ಮಾಡಿಟ್ಟುಕೊಳ್ಳಿ.

ಮೊದಲ ಕೀಲಿ: ವಿಂಡೋಸ್ ಗುರುತಿನ ಕೀ, ಕಂಟ್ರೋಲ್, ಶಿಫ್ಟ್ ಮತ್ತು ಬಿ, ನಾಲ್ಕನ್ನೂ ಒಟ್ಟಿಗೆ ಒತ್ತಿ. ಒಂದು ಬೀಪ್ ಬರಬಹುದು, ಪರದೆ ಒಮ್ಮೆ ಮಿಣುಕಬಹುದು. ಇದು ಗ್ರಾಫಿಕ್ಸ್ ಡ್ರೈವರನ್ನು ಮಲಗಿಸಿ ಮತ್ತೆ ಎಬ್ಬಿಸುತ್ತದೆ. ಚಿತ್ರ ಬಂದರೆ ತೊಂದರೆ ಎಲ್ಲಿತ್ತು ಎಂಬುದೂ ಗೊತ್ತಾಯಿತು.

ಎರಡನೇ ಕೀಲಿ: ವಿಂಡೋಸ್ ಕೀ ಮತ್ತು ಪಿ. ಲ್ಯಾಪ್‌ಟಾಪಿನ ಚಿತ್ರ ಎಲ್ಲಿ ಕಾಣಬೇಕು ಎಂದು ಇದು ಕೇಳುತ್ತದೆ. ಕಣ್ಣಿಗೆ ಕಾಣದಿದ್ದರೂ ಪಟ್ಟಿ ತೆರೆದಿರುತ್ತದೆ. ವಿಂಡೋಸ್ ಕೀ ಹಿಡಿದುಕೊಂಡೇ ಪಿ ಅನ್ನು ಮತ್ತೊಮ್ಮೆ ಒತ್ತಿ, ಬಿಟ್ಟು, ಎಂಟರ್ ಒತ್ತಿ. ಕೆಲವು ಸೆಕೆಂಡ್ ಕಾಯಿರಿ. ಆಗದಿದ್ದರೆ ಇನ್ನೊಮ್ಮೆ ಮಾಡಿ. ಶಾಲೆಯ ಪ್ರೊಜೆಕ್ಟರಿಗೆ, ಮನೆಯ ಟಿವಿಗೆ ಜೋಡಿಸಿ ತಂದ ಲ್ಯಾಪ್‌ಟಾಪುಗಳಲ್ಲಿ "ಎರಡನೇ ಪರದೆ ಮಾತ್ರ" ಎಂಬ ಆಯ್ಕೆ ಹಾಗೇ ಉಳಿದಿರುವುದು ಅಪರೂಪವಲ್ಲ.

ಮೂರನೇ ಕೀಲಿ: ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆಯಬೇಕು. ತೆರೆಯದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ, ಬರುವ ಪಟ್ಟಿಯಲ್ಲಿ ಟಾಸ್ಕ್ ಮ್ಯಾನೇಜರ್ ಆರಿಸಿ. ವಿಂಡೋಸ್ 10ರಲ್ಲಿ ಫೈಲ್ ಎಂಬಲ್ಲಿ, ವಿಂಡೋಸ್ 11ರಲ್ಲಿ ಮೇಲುಗಡೆಯೇ "ರನ್ ನ್ಯೂ ಟಾಸ್ಕ್" ಎಂದಿರುತ್ತದೆ. ಅದನ್ನು ಒತ್ತಿ ಇಂಗ್ಲಿಷಿನಲ್ಲಿ ಎಕ್ಸ್‌ಪ್ಲೋರರ್ ಎಂದು ಟೈಪ್ ಮಾಡಿ. ಅಕ್ಷರಗಳು ಇ, ಎಕ್ಸ್, ಪಿ, ಎಲ್, ಓ, ಆರ್, ಇ, ಆರ್. ಎಂಟರ್ ಒತ್ತಿ. ಡೆಸ್ಕ್‌ಟಾಪ್ ಥಟ್ಟನೆ ಬಂದರೆ ಕೆಟ್ಟದ್ದು ಆ ಒಂದು ಭಾಗ ಮಾತ್ರ. ಆ ಕ್ಷಣವೇ ಬೇರೆ ಕೆಲಸ ಬಿಟ್ಟು ಮುಖ್ಯ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿ. ಕಾರಣ ಹುಡುಕುವುದು ಆಮೇಲೆ.

ಇಷ್ಟಕ್ಕೂ ಬಗ್ಗದಿದ್ದರೆ ಸೇಫ್ ಮೋಡ್. ಅಂದರೆ ವಿಂಡೋಸನ್ನು ಅತ್ಯಗತ್ಯ ಭಾಗಗಳೊಂದಿಗೆ ಮಾತ್ರ ಎಬ್ಬಿಸುವುದು. ನಮ್ಮ ತೊಂದರೆಯಲ್ಲಿ ಪಾಸ್‌ವರ್ಡ್ ಪರದೆ ಕಾಣುತ್ತದೆಯಾದ್ದರಿಂದ ಇದು ಸುಲಭ. ಆ ಪರದೆಯ ಬಲಗಡೆ ಕೆಳಗೆ ಪವರ್ ಗುರುತು ಇರುತ್ತದೆ. ಶಿಫ್ಟ್ ಕೀ ಹಿಡಿದುಕೊಂಡೇ ಅಲ್ಲಿ ರೀಸ್ಟಾರ್ಟ್ ಒತ್ತಿ. ನೀಲಿ ಬಣ್ಣದ ಒಂದು ಪಟ್ಟಿ ಬರುತ್ತದೆ. ಟ್ರಬಲ್‌ಶೂಟ್, ಆಮೇಲೆ ಅಡ್ವಾನ್ಸ್‌ಡ್ ಆಪ್ಷನ್ಸ್, ಆಮೇಲೆ ಸ್ಟಾರ್ಟಪ್ ಸೆಟ್ಟಿಂಗ್ಸ್, ಆಮೇಲೆ ರೀಸ್ಟಾರ್ಟ್. ಮತ್ತೆ ಎದ್ದಾಗ ಅಂಕಿಗಳ ಪಟ್ಟಿ ಕಾಣುತ್ತದೆ. 4 ಒತ್ತಿ. ಒಳಗೆ ಹೋಗುವಾಗ ಪಿನ್ ಬದಲು ಖಾತೆಯ ಪಾಸ್‌ವರ್ಡ್ ಕೇಳಬಹುದು.

ಸೇಫ್ ಮೋಡಿನಲ್ಲಿ ಡೆಸ್ಕ್‌ಟಾಪ್ ಬಂದರೆ ಅರ್ಧ ಯುದ್ಧ ಗೆದ್ದಂತೆ. ಮೊದಲು ಫೈಲು ಕಾಪಿ. ಆಮೇಲೆ ಇತ್ತೀಚೆಗೆ ಹಾಕಿದ ತಂತ್ರಾಂಶ ತೆಗೆಯಿರಿ. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ಎಂಬಲ್ಲಿ ಹಳೆಯ ಡ್ರೈವರಿಗೆ ಹಿಂದಿರುಗುವ "ರೋಲ್ ಬ್ಯಾಕ್" ಆಯ್ಕೆ ಇದ್ದರೆ ಒತ್ತಿ. ಅಪ್‌ಡೇಟ್ ಆದ ಮೇಲೆ ತೊಂದರೆ ಶುರುವಾಗಿದ್ದರೆ ಅದೇ ನೀಲಿ ಪಟ್ಟಿಯ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ "ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್" ಇದೆ, ಹಿಂದಿನ ಸ್ಥಿತಿಗೆ ಮರಳಿಸುವ "ಸಿಸ್ಟಮ್ ರಿಸ್ಟೋರ್" ಇದೆ.

ಇದೂ ಆಗದಿದ್ದರೆ ಅಂಗಡಿಗೆ ಹೋಗಿ. ಆದರೆ ಈಗ ನೀವು ಬರಿಗೈಯಲ್ಲಿ ಹೋಗುತ್ತಿಲ್ಲ. ಏನೇನು ನೋಡಿದಿರಿ, ಎಲ್ಲಿಗೆ ನಿಂತಿತು ಎಂದು ಹೇಳಬಲ್ಲಿರಿ. ಡಾಕ್ಟರ ಮುಂದೆ "ಮೈ ಸರಿಯಿಲ್ಲ" ಎನ್ನುವುದಕ್ಕೂ "ಮೂರು ದಿನದಿಂದ ರಾತ್ರಿ ಮಾತ್ರ ಜ್ವರ" ಎನ್ನುವುದಕ್ಕೂ ಇರುವ ವ್ಯತ್ಯಾಸ ಅದು.

85 ಲಕ್ಷ ಯಂತ್ರಗಳು ಫಾರ್ಮ್ಯಾಟ್ ಆಗಲಿಲ್ಲ

"ಇದೆಲ್ಲ ಸಣ್ಣಪುಟ್ಟದ್ದಕ್ಕೆ ಸರಿ, ದೊಡ್ಡ ತೊಂದರೆಗೆ ಫಾರ್ಮ್ಯಾಟೇ ಬೇಕು" ಎನ್ನುವವರಿಗೆ 2024ರ ಜುಲೈ 19ರ ಸಂಗತಿ ನೆನಪಿಸಬೇಕು. ಅಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ಯಂತ್ರಗಳು. ವಿಮಾನ, ಬ್ಯಾಂಕು, ಆಸ್ಪತ್ರೆ ಎಲ್ಲ ಕಡೆ ತೊಂದರೆ. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟದ್ದನ್ನು ನೀವೂ ಮೊಬೈಲಿನಲ್ಲಿ ನೋಡಿರಬಹುದು.

ಅದನ್ನು ಸರಿಪಡಿಸಿದ್ದು ಹೇಗೆ? ಯಂತ್ರವನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿ, ಆ ಒಂದು ಕೆಟ್ಟ ಫೈಲನ್ನು ಅಳಿಸಿ, ಮತ್ತೆ ಶುರು ಮಾಡಿ. ಅಷ್ಟೇ. ಕಂಪನಿಯೇ ಹೇಳಿಕೊಟ್ಟ ದಾರಿ ಅದು. ಯಾವ ಬ್ಯಾಂಕಿನವರೂ "ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡಿ" ಎಂದು ಚಹಾ ಕುಡಿಯಲು ಹೋಗಲಿಲ್ಲ. ಏಕೆಂದರೆ ಯಂತ್ರಕ್ಕಿಂತ ಒಳಗಿನ ಮಾಹಿತಿಯ ಬೆಲೆ ದೊಡ್ಡದು ಎಂದು ಅವರಿಗೆ ಗೊತ್ತಿತ್ತು. ನಮ್ಮ ಹಳ್ಳಿಯ ಹುಡುಗಿಯ ಪ್ರಾಜೆಕ್ಟಿಗೂ, ಹಾಲಿನ ಸಂಘದ ಲೆಕ್ಕಕ್ಕೂ ಅಷ್ಟೇ ಬೆಲೆ ಇದೆ. ಅದನ್ನು ನಾವು ಹೇಳಿಕೊಳ್ಳುವುದಿಲ್ಲ, ಅಷ್ಟೇ.

ಫಾರ್ಮ್ಯಾಟಿನಲ್ಲಿ ನಿಜವಾಗಿ ಹೋಗುವುದು ಏನು

"ಡಿ ಡ್ರೈವಿನಲ್ಲಿ ಇದ್ದದ್ದು ಏನೂ ಆಗಲ್ಲರಿ" ಎಂಬ ಸಮಾಧಾನ ಕೇಳಿರುತ್ತೀರಿ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಡೆಸ್ಕ್‌ಟಾಪ್ ಮೇಲಿಟ್ಟ ಫೈಲು, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲವೂ ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುತ್ತವೆ. ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಡಿ ಡ್ರೈವೇ ಇರುವುದಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಹೊಡೆತವಿದೆ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಪತ್ರ, ಠರಾವು, ಲಗ್ನಪತ್ರಿಕೆ ನಮ್ಮಲ್ಲಿ ಇನ್ನೂ ಬೇಕಾದಷ್ಟಿವೆ. ಫಾರ್ಮ್ಯಾಟ್ ಆದ ಮೇಲೆ ಆ ಅಕ್ಷರಶೈಲಿ ಯಂತ್ರದಲ್ಲಿ ಇರುವುದಿಲ್ಲ. ಪೆನ್‌ಡ್ರೈವಿನಲ್ಲಿ ಕಾಪಾಡಿಕೊಂಡ ಫೈಲು ತೆರೆದರೂ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಕಾಣುತ್ತದೆ. "ಫೈಲೇ ಕೆಟ್ಟಿದೆ" ಎಂದು ಅಳಿಸಿಬಿಡುವವರಿದ್ದಾರೆ. ದಯವಿಟ್ಟು ಅಳಿಸಬೇಡಿ. ನುಡಿ ಮತ್ತೆ ಹಾಕಿಸಿ, ಅಕ್ಷರಗಳು ಮರಳಿ ಬರುತ್ತವೆ.

ಮೂರನೆಯ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಅಂಗಡಿಯಿಂದ ಹೊಸದಾಗಿ ಕೊಂಡ ಲ್ಯಾಪ್‌ಟಾಪಿನೊಂದಿಗೆ ವಿಂಡೋಸ್ ಬಂದಿದ್ದರೆ ಅದರ ಹಣ ನೀವು ಆಗಲೇ ಕೊಟ್ಟಿದ್ದೀರಿ. ಅದರ ಪರವಾನಗಿಯ ಕೀಲಿ ಸಾಮಾನ್ಯವಾಗಿ ಮದರ್‌ಬೋರ್ಡಿನಲ್ಲೇ ಇರುತ್ತದೆ. ಅದೇ ಆವೃತ್ತಿ ಮತ್ತೆ ಹಾಕಿದರೆ ತಾನಾಗಿಯೇ ಸಕ್ರಿಯವಾಗುತ್ತದೆ. ಅದನ್ನು ಬಿಟ್ಟು ಬೇರೆ ಆವೃತ್ತಿಯ ಕಳ್ಳಪ್ರತಿ ಹಾಕಿ, ಅದಕ್ಕೊಂದು ಕ್ರ್ಯಾಕ್ ಓಡಿಸಿದರೆ, ಕೈಯಲ್ಲಿದ್ದ ಚಿನ್ನ ಕೊಟ್ಟು ಹಿತ್ತಾಳೆ ತಂದಂತೆ. ಆ ಕ್ರ್ಯಾಕಿನ ಜೊತೆ ವೈರಸ್ ಬರುವ ಅಪಾಯ ಬೇರೆ.

ಅಂಗಡಿಯವರ ಮೇಲೆ ಗೂಬೆ ಕೂರಿಸುವ ಮುನ್ನ

ಇಷ್ಟು ಓದಿ ರಿಪೇರಿಯವರನ್ನು ಬೈಯಲು ಹೊರಟರೆ ಅದು ಅನ್ಯಾಯ. ಅವರ ಕಡೆಯಿಂದಲೂ ನೋಡಬೇಕು.

ಕಾರಣ ಹುಡುಕುವುದಕ್ಕೆ ಹತ್ತು ನಿಮಿಷ ಬೇಕೋ ಮೂರು ತಾಸು ಬೇಕೋ ಮೊದಲೇ ಹೇಳಲಾಗದು. ಫಾರ್ಮ್ಯಾಟಿಗೆ ಎಷ್ಟು ಹೊತ್ತು ಬೇಕೆಂದು ಗೊತ್ತು. ಮುಗಿಯುತ್ತದೆ ಎಂಬ ಖಾತ್ರಿಯೂ ಇದೆ. ಕಾರಣ ಹುಡುಕಿ, ಒಂದು ಡ್ರೈವರ್ ಬದಲಿಸಿ ಸರಿಮಾಡಿ ಕೊಟ್ಟರೆ ನಾವೇನು ಹೇಳುತ್ತೇವೆ? "ಬರೀ ಎರಡು ಬಟನ್ ಒತ್ತಿದ್ದಕ್ಕೆ ಇಷ್ಟು ರೊಕ್ಕ ಏನ್ರೀ?" ಎನ್ನುತ್ತೇವೆ. ಅದೇ ಪೂರ್ತಿ ಫಾರ್ಮ್ಯಾಟ್ ಹೊಡೆದರೆ ಮರುಮಾತಿಲ್ಲದೆ ಕೊಡುತ್ತೇವೆ. ಬುದ್ಧಿಗೆ ಬೆಲೆ ಕೊಡದೆ ಶ್ರಮಕ್ಕೆ ಮಾತ್ರ ಬೆಲೆ ಕೊಟ್ಟರೆ ಅಂಗಡಿಯವನೂ ಬುದ್ಧಿ ಖರ್ಚು ಮಾಡುವುದಿಲ್ಲ. ಪಂಪ್‌ಸೆಟ್ ಮೋಟಾರ್ ರಿಪೇರಿಯವನ ಹತ್ತಿರ ನಾವು ಹೀಗೆ ಮಾಡುವುದಿಲ್ಲ. "ಕಾಯಿಲ್ ಸುಟ್ಟಿದೆಯೋ, ಬೇರಿಂಗ್ ಹೋಗಿದೆಯೋ ನೋಡಿ ಹೇಳ್ರಿ" ಎನ್ನುತ್ತೇವೆ, ನೋಡಿದ್ದಕ್ಕೂ ಕೊಡುತ್ತೇವೆ. ಲ್ಯಾಪ್‌ಟಾಪಿಗೂ ಅದೇ ನ್ಯಾಯ ಇರಲಿ.

ಹಾಗಾಗಿ ನನ್ನ ಸಲಹೆ ಎರಡೂ ಕಡೆಗೆ. ಗಿರಾಕಿಗಳೇ, ತಪಾಸಣೆಗೆ ಬೇರೆ ಹಣ ಕೊಡಲು ಒಪ್ಪಿಕೊಳ್ಳಿ. ಅಂಗಡಿಯವರೇ, "ತಪಾಸಣೆಗೆ ಇಷ್ಟು, ಡೇಟಾ ಕಾಪಿಗೆ ಇಷ್ಟು, ಫಾರ್ಮ್ಯಾಟಿಗೆ ಇಷ್ಟು" ಎಂದು ಕನ್ನಡದಲ್ಲಿ ಒಂದು ಬೋರ್ಡ್ ಬರೆದು ಹಾಕಿ. ಬೋರ್ಡ್ ಇದ್ದರೆ ಜಗಳ ಇಲ್ಲ.

ಫಾರ್ಮ್ಯಾಟಿಗೆ ಒಪ್ಪುವ ಮುನ್ನ ಮೂರು ಪ್ರಶ್ನೆ ಕೇಳಿ. "ಸೇಫ್ ಮೋಡಿನಲ್ಲಿ ನೋಡಿದ್ರೇನ್ರಿ?" "ಹಾರ್ಡ್ ಡಿಸ್ಕ್ ತೆಗೆದೋ, ಲಿನಕ್ಸ್ ಪೆನ್‌ಡ್ರೈವ್ ಹಾಕಿಯೋ ಮೊದಲು ನನ್ನ ಫೈಲು ಕಾಪಿ ಮಾಡಿ ಕೊಡ್ತೀರೇನ್ರಿ?" "ಫೈಲು ಉಳಿಸಿ ರೀಸೆಟ್ ಮಾಡೋ ಆಯ್ಕೆ ನೋಡಿದ್ರೇನ್ರಿ?" ವಿಂಡೋಸಿನಲ್ಲೇ ಇರುವ ಆ ಆಯ್ಕೆ ತಂತ್ರಾಂಶಗಳನ್ನು ತೆಗೆದುಹಾಕಿದರೂ ನಿಮ್ಮ ಫೈಲುಗಳನ್ನು ಇಟ್ಟುಕೊಳ್ಳುತ್ತದೆ. ಆದರೂ ಕಾಪಿ ಮಾಡಿಕೊಂಡೇ ಅದಕ್ಕೆ ಕೈ ಹಾಕಬೇಕು.

ಇನ್ನೊಂದು ಎಚ್ಚರಿಕೆ. ಈಚಿನ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ತಾನಾಗಿಯೇ ಬಿದ್ದಿರಬಹುದು. ಆಗ ಸೇಫ್ ಮೋಡಿಗೆ ಹೋಗುವಾಗಲೋ, ಡಿಸ್ಕ್ ಬೇರೆ ಯಂತ್ರಕ್ಕೆ ಹಾಕಿದಾಗಲೋ 48 ಅಂಕಿಗಳ ಕೀಲಿ ಕೇಳುತ್ತದೆ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಆ ಖಾತೆಯನ್ನು ಅಂಗಡಿಯ ಹುಡುಗನೋ ಅಕ್ಕನ ಮಗನೋ ತನ್ನ ಇಮೇಲಿನಿಂದ ತೆರೆದುಕೊಟ್ಟಿದ್ದರೆ, ನಿಮ್ಮ ಮನೆಯ ಕೀಲಿ ಅವರ ಜೇಬಿನಲ್ಲಿದೆ. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಆ ಕೀಲಿಯನ್ನು ಹಾಳೆಯ ಮೇಲೆ ಬರೆದು, ಜಮೀನಿನ ಉತಾರ ಇಡುವ ಜಾಗದಲ್ಲೇ ಇಡಿ.

ಮೊಬೈಲಿನಲ್ಲಿ ಹುಡುಕುವಾಗ

ಪರದೆ ಕಪ್ಪಾದೊಡನೆ ಮೊಬೈಲಿನಲ್ಲಿ ಪರಿಹಾರ ಹುಡುಕುತ್ತೇವೆ. ಅಲ್ಲಿಯೇ ಮೋಸಗಾರರೂ ಕಾಯುತ್ತಿರುತ್ತಾರೆ. "ಮೈಕ್ರೋಸಾಫ್ಟ್ ಸಹಾಯವಾಣಿ" ಎಂದು ಒಂದು ನಂಬರ್ ಸಿಗುತ್ತದೆ. ಕರೆ ಮಾಡಿದರೆ ಸಿಹಿಯಾಗಿ ಮಾತಾಡಿ, ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ, ನಿಮ್ಮ ಫೋನನ್ನೇ ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಲ್ಯಾಪ್‌ಟಾಪ್ ಸರಿಯಾಗುವುದಿಲ್ಲ, ಬ್ಯಾಂಕ್ ಖಾತೆ ಖಾಲಿಯಾಗುತ್ತದೆ. ನೆನಪಿಡಿ: ಮೈಕ್ರೋಸಾಫ್ಟ್ ತನ್ನ ದೋಷದ ಸಂದೇಶದಲ್ಲಿ ಎಂದೂ ಫೋನ್ ನಂಬರ್ ಹಾಕುವುದಿಲ್ಲ. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ. ನಾಚಿಕೆಪಟ್ಟು ಒಂದು ದಿನ ಕಾದರೆ ಹಣ ಮರಳುವ ದಾರಿ ಮುಚ್ಚುತ್ತಾ ಹೋಗುತ್ತದೆ.

ಇನ್ನೊಂದು ಹೆದರಿಕೆಯ ಮಾತು: "ವಿಂಡೋಸ್ 10 ಬಂದ್ ಆತ್ರಿ, ಅದಕ್ಕ ಕಪ್ಪಾಗೇತಿ, ಹೊಸಾದು ತಗೊಳ್ರಿ." ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ. ಅಂದರೆ ಭದ್ರತೆಯ ಅಪ್‌ಡೇಟುಗಳು ಎಂದಿನಂತೆ ಬರುವುದಿಲ್ಲ. ಆದರೆ ಅದರಿಂದ ಯಂತ್ರ ನಿಲ್ಲುವುದಿಲ್ಲ, ಪರದೆ ಕಪ್ಪಾಗುವುದಿಲ್ಲ. ವಿಂಡೋಸ್ 11 ಒಪ್ಪದ ಹಳೆಯ ಲ್ಯಾಪ್‌ಟಾಪಿಗೆ ಉಚಿತವಾದ ಲಿನಕ್ಸ್ ಹಾಕಿಸಿಕೊಂಡು ಓದು ಬರಹ ಮುಂದುವರಿಸಬಹುದು. ಹೊಸದು ಕೊಳ್ಳುವುದು ನಿಮ್ಮ ಇಷ್ಟ. ಹೆದರಿ ಕೊಳ್ಳಬೇಡಿ.

ಯಂತ್ರ ಕೊಟ್ಟವರು ಕೈತಿರುವಿದ್ದು

ಈಗ ಸರ್ಕಾರದ ಮಾತು. 2020ರ ಆಸುಪಾಸಿನಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರ ಉಚಿತ ಲ್ಯಾಪ್‌ಟಾಪ್ ಕೊಟ್ಟಿತು. ಕಟ್ಟಡ ಕಾರ್ಮಿಕರ ಮಕ್ಕಳಿಗೂ ಕಲ್ಯಾಣ ಮಂಡಳಿಯಿಂದ ಲ್ಯಾಪ್‌ಟಾಪ್ ಬಂದವು. ಮನೆಯಲ್ಲಿ ಮೊದಲ ಸಲ ಕಂಪ್ಯೂಟರ್ ಕಂಡ ಕುಟುಂಬಗಳು ಇವು. ಕೊಟ್ಟದ್ದು ಒಳ್ಳೆಯದೇ. ಆದರೆ ಹತ್ತು ರೂಪಾಯಿಯ ಔಷಧಿ ಡಬ್ಬಿಯಲ್ಲೂ ಬಳಸುವ ಬಗೆಯ ಚೀಟಿ ಇರುತ್ತದೆ. ಸಾವಿರಾರು ರೂಪಾಯಿಯ ಲ್ಯಾಪ್‌ಟಾಪಿನ ಜೊತೆ "ಪರದೆ ಕಪ್ಪಾದರೆ ಹೀಗೆ ಮಾಡಿ, ಫೈಲನ್ನು ಹೀಗೆ ಕಾಪಾಡಿ" ಎಂಬ ಒಂದು ಕನ್ನಡದ ಹಾಳೆ ಇಡಲು ಏನು ಕಷ್ಟ? ವಿಂಡೋಸಿಗೆ ಕನ್ನಡ ಭಾಷೆ ಲಭ್ಯವಿದೆ. ಅದನ್ನು ಹಾಕಿ ಕೊಡಬಹುದಲ್ಲ? ಬೇಡವೆನ್ನುವವರು ಇಂಗ್ಲಿಷಿಗೆ ಬದಲಿಸಿಕೊಳ್ಳಲಿ.

ಪಕ್ಕದ ಕೇರಳ ನೋಡಿ. ಅಲ್ಲಿ 2018ರಲ್ಲಿ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿಗಳ ಐಟಿ ಕ್ಲಬ್ಬುಗಳು ಪ್ರೌಢಶಾಲೆಗಳಲ್ಲಿ ಶುರುವಾದವು. ಮಕ್ಕಳಿಗೆ ಹಾರ್ಡ್‌ವೇರ್, ಅನಿಮೇಷನ್, ಸೈಬರ್ ಸುರಕ್ಷತೆ ಕಲಿಸುತ್ತಾರೆ. ಶಾಲೆಯ ಕಂಪ್ಯೂಟರುಗಳು ಓಡುವುದು ಉಚಿತ ಲಿನಕ್ಸಿನ ಮೇಲೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಕಾಸರಗೋಡಿನ ಕನ್ನಡದ ಹುಡುಗ ಕಲಿಯುವುದನ್ನು ಮೂಡಲಗಿಯ ಹುಡುಗಿ ಏಕೆ ಕಲಿಯಬಾರದು?

ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಅರಿವು ಕೇಂದ್ರ ಎಂದು ಕರೆಯುತ್ತೇವೆ. ಎಷ್ಟೋ ಕಡೆ ಕಂಪ್ಯೂಟರೂ ಇದೆ. ತಿಂಗಳಿಗೆ ಒಂದು ಭಾನುವಾರ "ಲ್ಯಾಪ್‌ಟಾಪ್ ದವಾಖಾನೆ" ಎಂದು ಅಲ್ಲೇ ಕೂರಬಹುದು. ಐಟಿಐ, ಡಿಪ್ಲೊಮಾ, ಬಿಸಿಎ ಓದುವ ಊರಿನದೇ ಹುಡುಗ ಹುಡುಗಿಯರು ಇಬ್ಬರು, ಒಂದು ಹೊರಗಿನ ಹಾರ್ಡ್ ಡಿಸ್ಕ್, ಒಂದು ಲಿನಕ್ಸ್ ಪೆನ್‌ಡ್ರೈವ್ ಇದ್ದರೆ ಸಾಕು. ಮೊದಲು ಫೈಲು ಕಾಪಾಡುವುದು, ಆಮೇಲೆ ಕಾರಣ ಹುಡುಕುವುದು, ಕೈಲಾಗದ್ದನ್ನು ಅಂಗಡಿಗೆ ಕಳಿಸುವುದು. ಅಂಗಡಿಯವರ ಹೊಟ್ಟೆಯ ಮೇಲೆ ಇದು ಹೊಡೆಯುವುದಿಲ್ಲ. ಅವರ ಹತ್ತಿರ ಹೋಗುವ ಕೆಲಸ ಹೋಗಿಯೇ ಹೋಗುತ್ತದೆ, ಫೈಲು ಕಳೆದುಕೊಂಡ ಗಿರಾಕಿಯ ಜಗಳ ಮಾತ್ರ ಕಡಿಮೆಯಾಗುತ್ತದೆ.

"ಹಳ್ಳಿಯವರಿಂದ ಇದೆಲ್ಲ ಆಗುತ್ತದೇನು?" ಎಂದು ಕೇಳುವವರು ಹುಕ್ಕೇರಿಯನ್ನು ನೋಡಲಿ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ್ದು 1969ರಲ್ಲಿ. ಕರೆಂಟ್ ಬಳಸುವ ಹಳ್ಳಿಯವರೇ ಸದಸ್ಯರಾಗಿ, ಕರೆಂಟ್ ಹಂಚುವ ಕೆಲಸವನ್ನು ತಮ್ಮದೇ ಸಂಘದಿಂದ ನಡೆಸಿದ ನೆಲ ಇದು. ಟ್ರಾನ್ಸ್‌ಫಾರ್ಮರ್, ಕಂಬ, ತಂತಿ, ಮೀಟರ್ ಎಲ್ಲವನ್ನೂ ಸಹಕಾರಿ ಸಂಘದಿಂದ ಸಂಭಾಳಿಸಿದ ತಾಲ್ಲೂಕಿಗೆ ತಿಂಗಳಿಗೊಂದು ಭಾನುವಾರ ನಾಲ್ಕು ಲ್ಯಾಪ್‌ಟಾಪ್ ನೋಡುವುದು ದೊಡ್ಡ ಮಾತಲ್ಲ. ಬೇಕಿರುವುದು ಪಂಚಾಯಿತಿಯ ಒಂದು ಠರಾವು ಮತ್ತು ಗ್ರಂಥಾಲಯದ ಬೀಗದ ಕೈ.

ಇಂದು ರಾತ್ರಿ ಮಾಡಬೇಕಾದದ್ದು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲ. ಲ್ಯಾಪ್‌ಟಾಪ್ ಚೆನ್ನಾಗಿ ನಡೆಯುತ್ತಿರುವ ಇವತ್ತೇ ಮೂರು ಕೆಲಸ ಮುಗಿಸಿ.

ಡೆಸ್ಕ್‌ಟಾಪ್ ಮೇಲಿರುವ ಮುಖ್ಯ ಫೈಲುಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಕಪಾಟಿನಲ್ಲಿಡಿ. ಅಂಕಪಟ್ಟಿ, ಆಧಾರ್‌ನಂಥ ದಾಖಲೆಗಳಲ್ಲಿ ಸಿಗುವಷ್ಟನ್ನು ಡಿಜಿಲಾಕರಿನಲ್ಲಿ ಸೇರಿಸಿಕೊಳ್ಳಿ. ಅವು ಲ್ಯಾಪ್‌ಟಾಪ್ ಸತ್ತರೂ ಮೊಬೈಲಿನಲ್ಲಿ ಸಿಗುತ್ತವೆ.

ಖಾತೆಯ ಪಾಸ್‌ವರ್ಡ್ ಮತ್ತು ಬಿಟ್‌ಲಾಕರ್ ಕೀಲಿ ಎರಡನ್ನೂ ಹಾಳೆಯ ಮೇಲೆ ಬರೆದಿಡಿ.

ಬ್ಯಾಟರಿ ಸತ್ತಿದ್ದರೆ ಬದಲಾಯಿಸಿ. ಅದಾಗದಿದ್ದರೆ ಕರೆಂಟ್ ಇರುವ ಖಾತ್ರಿ ಇಲ್ಲದ ಹೊತ್ತಿನಲ್ಲಿ ಅಪ್‌ಡೇಟ್ ಒತ್ತಬೇಡಿ.

ಇದಿಷ್ಟು ಮಾಡಿಟ್ಟುಕೊಂಡವರಿಗೆ ಕಪ್ಪು ಪರದೆ ಒಂದು ಬೇಸರ, ಅಷ್ಟೇ. ಮಾಡದವರಿಗೆ ಅದು ಮೂರು ವರ್ಷದ ದುಡಿಮೆಯ ಪ್ರಶ್ನೆ. ಮತ್ತೆ ಯಾರಾದರೂ "ಫಾರ್ಮ್ಯಾಟ್ ಹೊಡೀಬೇಕ್ರಿ" ಎಂದಾಗ ಗೌರವದಿಂದಲೇ ಹೇಳಿ: "ಹೊಡೀರಿ ಅಣ್ಣಾರ, ಆದ್ರ ಮೊದಲ ನಮ್ಮ ಫೈಲು ತಗದು ಕೊಡ್ರಿ."